ತಾಯಿಪೆಟ್ಟಿಗೆಯ ಶ್ರುತಿ

ಹಾರ್ಮೋನಿಯಂ ರಿಪೇರಿಯ ಆ ಅಂಗಡಿಯೊಳಕ್ಕೆ ಎರಡು ವಸ್ತುಗಳಿಗೆ ಪ್ರವೇಶವಿರಲಿಲ್ಲ. ಒಂದು ರೇಡಿಯೋ, ಇನ್ನೊಂದು ಶ್ರುತಿ ಅಳೆಯುವ ಯಂತ್ರ. ರೇಡಿಯೋ ಕಿವಿಯನ್ನು ಸೋಮಾರಿ ಮಾಡುತ್ತದೆ, ಯಂತ್ರ ಕಿವಿಯನ್ನು ಕೆಲಸದಿಂದಲೇ ತೆಗೆದುಹಾಕುತ್ತದೆ ಎಂದು ಮೇಸ್ತ್ರಿ ಹೇಳುತ್ತಿದ್ದರು. ಎದುರಾಡುವವರು ಯಾರೂ ಇರಲಿಲ್ಲ. ಅಲ್ಲಿದ್ದವರೇ ಮೂವರು. ಎಪ್ಪತ್ತನಾಲ್ಕರ ಮೇಸ್ತ್ರಿ, ಪೆಟ್ಟಿಗೆಗಳಿಗೆ ತಿದಿ ಕಟ್ಟುವ ಅವರ ಭಾವಮೈದುನ, ರೀಡು ಉಜ್ಜಿ ಶ್ರುತಿ ಮಾಡುವ ಅವರ ಮಗಳು. ನಲವತ್ತಮೂರು ದಾಟಿದ್ದರೂ ಅವಳು ಗಿರಾಕಿಗಳಿಗೆ ಚಿಕ್ಕಮೇಸ್ತ್ರಿ, ತಿದಿಮಾವನಿಗೆ ಇನ್ನೂ ಪುಟ್ಟಿ.

ಗೋಡೆಯ ಗೂಡಿನಲ್ಲಿ ಒಂದು ಹಳೆಯ ಹಾರ್ಮೋನಿಯಂ ಇತ್ತು. ಅದು ತಾಯಿಪೆಟ್ಟಿಗೆ. ಮಾರುವುದಕ್ಕಲ್ಲ, ನುಡಿಸುವುದಕ್ಕೂ ಅಲ್ಲ. ರಿಪೇರಿಗೆ ಬಂದ ಪ್ರತಿ ಪೆಟ್ಟಿಗೆಯನ್ನೂ ಅದರ ಪಕ್ಕದಲ್ಲಿಟ್ಟು, ಎರಡರಲ್ಲೂ ಒಂದೊಂದೇ ಮನೆ, ಅಂದರೆ ಸ್ವರದ ಕೀಲಿ, ಒತ್ತಿ, ಅದರ ಸ್ವರಕ್ಕೆ ಇದನ್ನು ಕೂಡಿಸುವುದು ಅಂಗಡಿಯ ಕ್ರಮ. ಅದರ ಶ್ರುತಿ ಊರಿನ ಉಳಿದ ವಾದ್ಯಗಳಿಗಿಂತ ಒಂದು ಕೂದಲೆಳೆಯಷ್ಟು ಕೆಳಗೆ. ಯಂತ್ರ ಇಟ್ಟು ನೋಡಿದರೆ ಅದು ತಪ್ಪು, ಹಾಡುವವರ ಗಂಟಲಿಗೆ ಅದು ತಂಪು. ‘ಮೇಸ್ತ್ರಿ ಶ್ರುತಿ ಬೇಕು’ ಎಂದು ಹುಡುಕಿಕೊಂಡು ಬರುವವರಿದ್ದರು. ಎಷ್ಟು ಕೆಳಗೆ ಎಂದು ಯಾರೂ ಎಂದೂ ಅಳೆದಿಟ್ಟಿರಲಿಲ್ಲ.

ಹಿತ್ತಾಳೆ ಹವೆಗೆ ಕದಲುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ ತಾಯಿಪೆಟ್ಟಿಗೆಯನ್ನೂ ಸರಿಮಾಡಬೇಕು. ಉಳಿದವನ್ನು ಅದಕ್ಕೆ ಕೂಡಿಸುವುದಾದರೆ ಅದನ್ನು ಯಾವುದಕ್ಕೆ ಕೂಡಿಸುವುದು? ಬಹಳ ಕಾಲ ಮೇಸ್ತ್ರಿಯ ತಲೆಯೊಳಗೆ ನಿಂತಿದ್ದ ಸ್ವರಕ್ಕೆ. ಅವರ ಕಿವಿ ಮಂದವಾದ ಮೇಲೆ, ಈ ಹನ್ನೆರಡು ವರ್ಷಗಳಿಂದ, ಮಗಳ ತಲೆಯೊಳಗಿನ ಸ್ವರಕ್ಕೆ. ಏಳನೆಯ ವಯಸ್ಸಿಗೇ ಬಾಗಿಲು ಕಿರುಗುಟ್ಟಿದರೆ ಅದು ಯಾವ ಮನೆಯ ಸ್ವರ ಎಂದು ಹೇಳಿಬಿಡುತ್ತಿದ್ದವಳು ಅವಳು. ಹೆತ್ತವರಿಗೆ ಮಕ್ಕಳ ಮೇಲೆ ಬಗೆಬಗೆಯ ಹೆಮ್ಮೆ ಇರುತ್ತದೆ. ಮೇಸ್ತ್ರಿಗೆ ಇದ್ದದ್ದು ಇದೊಂದೇ.

ಅವಳ ನೋವಿಗೆ ಆರು ವರ್ಷ. ಮೊದಲು ಭುಜ, ಆಮೇಲೆ ಸೊಂಟ, ಆಮೇಲೆ ಇಂಥ ಕಡೆ ಎಂದು ಬೆರಳಿಟ್ಟು ತೋರಿಸಲಾಗದ ಎಲ್ಲ ಕಡೆ. ಬೆಳಿಗ್ಗೆ ಏಳುವಾಗ ರಾತ್ರಿಯಿಡೀ ಯಾರೋ ಮೈಯನ್ನು ಒನಕೆಯಿಂದ ಕುಟ್ಟಿ ಹೋದಂತಿರುತ್ತಿತ್ತು. ರವಿಕೆಯ ಹೊಲಿಗೆ ತಾಗಿದ ಕಡೆ ಉರಿ. ಮಧ್ಯಾಹ್ನದ ಹೊತ್ತಿಗೆ ರೀಡು ಉಜ್ಜುವ ಅರ ಹಿಡಿದ ಬೆರಳುಗಳು ತನ್ನವಲ್ಲ ಅನ್ನಿಸುತ್ತಿತ್ತು. ರಕ್ತ ಕೊಟ್ಟಳು, ಚಿತ್ರ ತೆಗೆಸಿದಳು. ಎಲ್ಲ ಸರಿ, ಎಲ್ಲ ಸರಿ ಎಂದೇ ಬಂತು.

“ಬಾವಿಲ್ಲ, ಗಾಯ ಇಲ್ಲ, ಜ್ವರ ಇಲ್ಲ. ಅದೆಂಥ ನೋವು?” ಎಂದು ಮೇಸ್ತ್ರಿ ಕೇಳುತ್ತಿದ್ದರು. ಹಂಗಿಸುವುದಕ್ಕಲ್ಲ. ಅವರಿಗೆ ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ. ಕಿವಿಗೆ ಕೇಳಿಸದ ಯಾವುದನ್ನೂ ಅವರು ಜೀವಮಾನದಲ್ಲಿ ನಂಬಿದವರಲ್ಲ.

ಕೊನೆಗೆ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಅವಳ ಮೈಯ ಹದಿನೆಂಟು ಕಡೆ ಹೆಬ್ಬೆರಳಿಟ್ಟು ಒತ್ತಿ, ಅವಳು ಹದಿನೈದು ಕಡೆ ಉಸಿರು ಹಿಡಿದಿದ್ದನ್ನು ಎಣಿಸಿ, ಫೈಬ್ರೊಮಯಾಲ್ಜಿಯಾ ಎಂದರು. ನೋವನ್ನು ಮಿದುಳಿಗೆ ಮುಟ್ಟಿಸುವ ನರಗಳೇ ದನಿಯನ್ನು ಅತಿಯಾಗಿ ಏರಿಸಿಬಿಟ್ಟಿವೆ ಎಂದು ವಿವರಿಸಿದರು. ಆ ಹೋಲಿಕೆ ಅವಳಿಗೆ ಚೆನ್ನಾಗಿಯೇ ಅರ್ಥವಾಯಿತು.

ಮನೆಗೆ ಬಂದು ಹೆಸರು ಹೇಳಿದಾಗ ತಿದಿಮಾವ ಎರಡು ಸಲ ಪ್ರಯತ್ನಿಸಿ ಕೈಬಿಟ್ಟರು. “ಇದನ್ನ ಪೂರ್ತಿ ಹೇಳೋ ಹೊತ್ತಿಗೆ ಕಾಯಿಲೇನೇ ಬೇಜಾರಾಗಿ ಎದ್ದು ಹೋಗುತ್ತೆ ಬಿಡು ಪುಟ್ಟಿ.”

ಅದು ಹೋಗಲಿಲ್ಲ. ಅಷ್ಟು ವರ್ಷ ಔಷಧಿ ಅಂಗಡಿಯಿಂದ ತಂದು ನುಂಗಿದ ನೋವಿನ ಮಾತ್ರೆಗಳನ್ನು ಡಾಕ್ಟರಮ್ಮ ಅದೇ ದಿನ ನಿಲ್ಲಿಸಿದರು. “ಈ ಥರದ ನೋವಿಗೆ ಇವು ಕೆಲಸ ಮಾಡಿದ್ದೇ ಕಡಿಮೆ. ಮೂತ್ರಪಿಂಡ ಕೆಡಿಸೋ ಕೆಲಸ ಮಾತ್ರ ತಪ್ಪದೆ ಮಾಡಿವೆ. ಇನ್ನು ಮುಟ್ಟಬೇಡಿ.” ಬದಲಿಗೆ ಕೊಟ್ಟದ್ದು ಎರಡು ವಾರ ಬಿಡದೆ ವಾಂತಿ ಮಾಡಿಸಿತು. ಅದನ್ನು ಬಿಡಿಸಿ ಇನ್ನೊಂದು ಕೊಟ್ಟರು. ಬಿಳಿ ಮಾತ್ರೆ, ನಡುವೆ ಗೆರೆ, ಬೆಳಿಗ್ಗೆ ಒಂದು ಸಂಜೆ ಒಂದು. ಮೊದಲ ವಾರ ತಲೆ ತಿರುಗಿತು. ಎರಡನೆಯ ವಾರ ನಿದ್ದೆ ಬಂತು. ಮೂರನೆಯ ವಾರದ ಒಂದು ಬೆಳಿಗ್ಗೆ ಅವಳು ಎರಡೂ ಕೈ ಮೇಲೆತ್ತಿ ತಲೆ ಬಾಚಿಕೊಂಡು, ಜಡೆ ಹಾಕಿ, ಹಾಕಿದ ಮೇಲೆ ಗಾಬರಿಯಾದಳು. ನೋವು ಹೋಗಿರಲಿಲ್ಲ. ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿತ್ತು, ಅಷ್ಟೆ.

“ಇವತ್ತು ಮೆಟ್ಟಿಲು ಇಳಿದ ಸದ್ದೇ ಬೇರೆ,” ಎಂದರು ತಿದಿಮಾವ. ಮೇಸ್ತ್ರಿ ತಲೆ ಎತ್ತಲಿಲ್ಲ. ಅವರ ಮುಂದೆ ಶಾಲೆಯ ಹನ್ನೆರಡು ಪೆಟ್ಟಿಗೆಗಳು ಸಾಲಾಗಿ ಕೂತಿದ್ದವು.

ಆ ಶಾಲೆಯ ಕೆಲಸ ಪ್ರತಿ ವರ್ಷದ್ದು. ಹನ್ನೆರಡು ಪೆಟ್ಟಿಗೆ, ಒಂದೊಂದಕ್ಕೆ ಮೂವತ್ತೇಳು ಮನೆ. ಅವುಗಳಿಗೆ ಕೈಹಾಕುವ ಮುನ್ನ ತಾಯಿಪೆಟ್ಟಿಗೆಯನ್ನು ಸರಿಮಾಡಿಕೊಳ್ಳುವುದು ವಾಡಿಕೆ. ಅವಳು ಅದನ್ನು ಗೂಡಿನಿಂದ ಇಳಿಸಿ, ತಿದಿ ಒತ್ತಿ, ಮೊದಲ ಬಿಳಿ ಮನೆ ಹಿಡಿದು ಕಣ್ಣು ಮುಚ್ಚಿದಳು.

“ಈ ಸಲ ತುಂಬ ಇಳಿದುಬಿಟ್ಟಿದೆ, ಅಪ್ಪ.”

“ಎಷ್ಟು?”

“ಅರ್ಧ ಮನೆ ಹತ್ತಿರ.”

ತಿದಿಮಾವ ಅಂಟಿನ ಕುಂಚ ಹಿಡಿದುಕೊಂಡೇ ತಿರುಗಿದರು. “ಅರ್ಧ ಮನೆಯಾ? ಅದೇನು ಗೂಡಿನಲ್ಲಿ ಕೂತಿತ್ತೋ, ಬಾವಿಯಲ್ಲಿ ಕೂತಿತ್ತೋ?”

“ಅವಳು ಇಳಿದಿದೆ ಅಂದ್ರೆ ಇಳಿದಿದೆ,” ಎಂದರು ಮೇಸ್ತ್ರಿ.

ರೀಡು ಎಂದರೆ ಹಿತ್ತಾಳೆಯ ತೆಳು ನಾಲಿಗೆ. ತುದಿ ಉಜ್ಜಿದರೆ ಸ್ವರ ಏರುತ್ತದೆ, ಬುಡ ಉಜ್ಜಿದರೆ ಇಳಿಯುತ್ತದೆ. ಉಜ್ಜಿದ ಲೋಹ ಮತ್ತೆ ಬಂದು ಕೂರುವುದಿಲ್ಲ. ಅವಳು ತಾಯಿಪೆಟ್ಟಿಗೆಯ ಮೂವತ್ತೇಳು ನಾಲಿಗೆಗಳ ತುದಿಯನ್ನೂ ಎರಡು ದಿನ ಕೂತು ಉಜ್ಜಿದಳು. ಆಮೇಲೆ ಹನ್ನೆರಡು ಪೆಟ್ಟಿಗೆಗಳನ್ನು ಅದಕ್ಕೆ ಕೂಡಿಸಿದಳು. ಆರು ವರ್ಷದಲ್ಲಿ ಅಷ್ಟು ಸಲೀಸಾಗಿ ಅವಳ ಕೈ ಓಡಿರಲಿಲ್ಲ. ಕೆಲಸ ಮಾಡುತ್ತ ಎರಡು ಸಲ ತಾನಾಗಿಯೇ ಗುನುಗಿಕೊಂಡಳು.

ಪೆಟ್ಟಿಗೆಗಳು ಹೋದ ಹತ್ತನೆಯ ದಿನ ಶಾಲೆಯ ಸಂಗೀತದ ಟೀಚರು ಅವುಗಳಲ್ಲೊಂದನ್ನು ಹೊತ್ತುಕೊಂಡು ಬಂದರು. ಬೆವರು ಒರೆಸಿಕೊಂಡು, ಕೂರಲೋ ಬೇಡವೋ ಎಂದು ನಿಂತೇ ಮಾತಾಡಿದರು.

“ಮೇಸ್ತ್ರಿಗಳೇ, ಕೋಪ ಮಾಡ್ಕೋಬೇಡಿ. ಕೊಳಲು ಒಂದು ಕಡೆ ಹೋಗ್ತಿದೆ, ಪೆಟ್ಟಿಗೆ ಇನ್ನೊಂದು ಕಡೆ. ಹಾಡಿ ಹಾಡಿ ಮಕ್ಕಳ ಗಂಟಲೆಲ್ಲ ಕಟ್ಟಿಹೋಗಿದೆ. ಇನ್ನು ಐದೇ ವಾರಕ್ಕೆ ಕಾರ್ಯಕ್ರಮ.”

“ನಮ್ಮ ಪೆಟ್ಟಿಗೆಯಾ?” ಮೇಸ್ತ್ರಿ ನಕ್ಕರು. “ನಿಮ್ಮ ಕೊಳಲು ಬಿರುಕು ಬಿಟ್ಟಿರಬೇಕು, ಟೀಚರೇ.”

ಅವರು ತಾಯಿಪೆಟ್ಟಿಗೆ ಇಳಿಸಿದರು. ಎರಡೂ ಪೆಟ್ಟಿಗೆಗಳ ಒಂದೇ ಮನೆಯನ್ನು ಒಟ್ಟಿಗೆ ಒತ್ತಿದರು. ಎರಡು ಸ್ವರಗಳೂ ಹಾಲಿಗೆ ಹಾಲು ಬೆರೆತ ಹಾಗೆ ಕೂಡಿಕೊಂಡವು. ಮೇಸ್ತ್ರಿ ಹುಬ್ಬೇರಿಸಿ ಟೀಚರನ್ನು ನೋಡಿದರು. ಟೀಚರು ಚೀಲದಿಂದ ಕೊಳಲು ತೆಗೆದು ಅದೇ ಸ್ವರ ಊದಿದರು.

ಮೇಸ್ತ್ರಿಯ ಕಿವಿ ಎಷ್ಟೇ ಮಂದವಾಗಿದ್ದರೂ ಅದನ್ನು ಕೇಳಿಸಿಕೊಳ್ಳದಷ್ಟು ಮಂದವಾಗಿರಲಿಲ್ಲ. ಕೊಳಲಿಗೂ ಪೆಟ್ಟಿಗೆಗೂ ನಡುವೆ ಗಾಳಿಯೇ ಗಡಗಡ ನಡುಗುತ್ತಿತ್ತು. ಟೀಚರು ಇನ್ನೊಂದು ಕೊಳಲು ತೆಗೆದರು. ಅದೇ ನಡುಕ. ಆಮೇಲೆ, ಹೆದರುತ್ತ, ಮೊಬೈಲನ್ನು ಮೇಜಿನ ಮೇಲಿಟ್ಟರು. ಪರದೆಯ ಮೇಲಿನ ಸೂಜಿ ನಡುಗೆರೆ ಬಿಟ್ಟು ಬಲಕ್ಕೆ ವಾಲಿ ನಿಂತಿತು. ಆ ಅಂಗಡಿಯೊಳಕ್ಕೆ ಯಂತ್ರ ಬಂದದ್ದು ಅದೇ ಮೊದಲು. ಯಾರೂ ಅದನ್ನು ಆಚೆಗಿಡಿ ಎನ್ನಲಿಲ್ಲ.

ಮೇಸ್ತ್ರಿ ಮಗಳ ಕಡೆ ತಿರುಗಿದರು. “ನಿನಗೆ ಹೇಗೆ ಕೇಳಿಸ್ತಿದೆ?”

“ಪೆಟ್ಟಿಗೆ ಸರಿಯಿದೆ,” ಎಂದಳು ಅವಳು. “ಕೊಳಲು ಇಳಿದಿದೆ. ಎರಡೂ ಕೊಳಲು.”

ಮರುದಿನ ಅವಳು ದೊಡ್ಡಾಸ್ಪತ್ರೆಗೆ ಹೋಗಿ ಹೇಳಿದಾಗ ಡಾಕ್ಟರಮ್ಮ ಹಣೆ ಉಜ್ಜಿಕೊಂಡರು. “ತುಂಬ ಅಪರೂಪ. ನರಕ್ಕೆ ಕೊಡೋ ಇಂಥ ಮಾತ್ರೇಲಿ ಕೆಲವರಿಗೆ ಎಲ್ಲ ಸ್ವರವೂ ಕೆಳಗೆ ಕೇಳಿಸುತ್ತೆ ಅಂತ ಎಲ್ಲೋ ಓದಿದ್ದೆ. ನೂರಕ್ಕೆ ತೊಂಬತ್ತೊಂಬತ್ತು ಜನಕ್ಕೆ ಹಾಗಾದರೂ ಗೊತ್ತೇ ಆಗಲ್ಲ. ನಿಮ್ಮ ಕೆಲಸ ಇಂಥದ್ದು.”

“ಬಿಟ್ಟರೆ?”

“ಕಿವಿ ಸರಿಹೋಗುತ್ತೆ.”

“ನೋವು?”

ಡಾಕ್ಟರಮ್ಮ ಸುಳ್ಳು ಹೇಳುವವರಲ್ಲ. “ಅದೂ ವಾಪಸ್ ಬರುತ್ತೆ. ಬೇರೆ ಮಾತ್ರೆ ಒಂದೆರಡಿವೆ. ಇದು ಹಿಡಿದಷ್ಟು ಅವು ಹಿಡೀತಾವೆ ಅಂತ ನಾನು ಮಾತು ಕೊಡಲಾರೆ. ಬಿಡೋದಾದ್ರೆ ಒಮ್ಮೆಲೇ ಬಿಡಬೇಡಿ. ಮೂರು ವಾರ ತಗೊಂಡು, ಸ್ವಲ್ಪ ಸ್ವಲ್ಪವೇ ಇಳಿಸಿ.”

ಅವಳು ಇದೆಲ್ಲವನ್ನೂ ಮನೆಯಲ್ಲಿ ಹೇಳಿದಳು. ಹೇಳುವಾಗ ಎಲ್ಲಿಂದಲೋ ಒಂದು ಆಸೆ ಬಂದು ಕೂತಿತ್ತು: ಇಷ್ಟು ದೊಡ್ಡದನ್ನು ಕೊಟ್ಟು ನೋವಿನಿಂದ ಬಿಡಿಸಿಕೊಂಡಳು ಎಂದರೆ, ಆ ನೋವು ಎಂಥದಿದ್ದಿರಬೇಕು ಎಂದು ಅಪ್ಪನಿಗೆ ಈಗಲಾದರೂ ಹೊಳೆದೀತು. ಮೇಸ್ತ್ರಿ ಪೂರ್ತಿ ಕೇಳಿಸಿಕೊಂಡರು. ಅವರ ಮುಖದಲ್ಲಿ ನಿಜವಾದ ಕಳವಳವಿತ್ತು. ಆರು ವರ್ಷ ಅವಳು ಕಾದಿದ್ದ ಕಳವಳ.

“ಅಯ್ಯೋ ಮಗಳೇ,” ಎಂದರು. “ನೋವಿದ್ದಾಗ ನೀನು ಚೆನ್ನಾಗಿದ್ದೆ. ಈಗ ನಿನಗೆ ಕಾಯಿಲೆ ಬಂತು ನೋಡು.”

ತಿದಿಮಾವ ಕುಂಚವನ್ನು ನೀರಿಗೆ ಹಾಕಿದರು. “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಭಾವ, ಊರಿಗೆಲ್ಲ ಒಂದು ಶ್ರುತಿ ಇದೆ. ಆ ಟೀಚರ ಮೊಬೈಲ್ ಇಸ್ಕೊಂಡು ಸೂಜಿ ನೋಡ್ಕೊಂಡು ಉಜ್ಜಿದ್ರೆ ಆಗೋದಿಲ್ವಾ?”

“ಸೂಜಿಗೆ ಊರಿನ ಶ್ರುತಿ ಗೊತ್ತು. ನಮ್ಮದು ಗೊತ್ತಾ?”

“ನಮ್ಮದು ಅಂದ್ರೆ ಏನು, ಒಂದು ಕೂದಲು. ಬೋಳು ತಲೆಯೋನು ಒಂದು ಕೂದಲಿಗೆ ಅಳ್ತಾನಾ?”

ಮೇಸ್ತ್ರಿ ನಗಲಿಲ್ಲ. ತಿದಿಮಾವ ಮರುದಿನವೇ ಎರಡು ಹಳೆಯ ಗಿರಾಕಿಗಳ ಮನೆಗೆ ಹೋಗಿ, ಹಿಂದಿನ ವರ್ಷ ಇಲ್ಲೇ ಶ್ರುತಿಯಾದ ಪೆಟ್ಟಿಗೆಗಳನ್ನು ತಂದರು. ಎರಡರ ಶ್ರುತಿಯೂ ಒಂದೊಂದು ಕಡೆ ಜರುಗಿತ್ತು. ಒಂದಕ್ಕೊಂದು ಕೂಡಲಿಲ್ಲ. ಆ ಶ್ರುತಿ ಇನ್ನು ಹಿತ್ತಾಳೆಯಲ್ಲಿ ಎಲ್ಲಿಯೂ ಉಳಿದಿಲ್ಲ ಎಂದು ಆಗ ಮೂವರಿಗೂ ಗೊತ್ತಾಯಿತು. ಉಳಿದಿದ್ದರೆ ಅವಳ ತಲೆಯೊಳಗೆ, ಆ ಮಾತ್ರೆಯ ಅಡಿಯಲ್ಲಿ.

“ಮಾತ್ರೆ ಇಳಿಸ್ತೀನಿ,” ಎಂದಳು ಅವಳು. ತಪ್ಪು ಅವಳದು. ಅವಳ ಕೈಯಿಂದಲೇ ಆದದ್ದು.

ಮಾತ್ರೆ ಇಳಿಯಿತು. ಒಂದಿದ್ದದ್ದು ಅರ್ಧವಾಯಿತು, ಎರಡು ಹೊತ್ತಿದ್ದದ್ದು ಒಂದು ಹೊತ್ತಾಯಿತು. ಪಕ್ಕದ ಕೋಣೆಯಲ್ಲಿದ್ದದ್ದು ಬಾಗಿಲು ತೆಗೆದುಕೊಂಡು ಬಂತು. ಮೊದಲು ಕತ್ತಿನ ಹಿಂದೆ, ಆಮೇಲೆ ಎರಡೂ ಪಕ್ಕೆಗಳಲ್ಲಿ. ಜಡೆ ಹಾಕುವುದು ನಿಂತಿತು. ಅಂಗಡಿಗೆ ಇಳಿಯುವ ಹದಿನಾಲ್ಕು ಮೆಟ್ಟಿಲಲ್ಲಿ ಎರಡು ಕಡೆ ಕೂರಬೇಕಾಯಿತು. ಅವಳು ಮೊದಲೂ ಈ ನೋವನ್ನು ಹೊತ್ತವಳೇ. ಆದರೆ ಆಗ ಅದಿಲ್ಲದ ಮೈ ಹೇಗಿರುತ್ತದೆ ಎಂದು ಮರೆತಿದ್ದಳು. ಈಗ ಮರೆವೂ ಇರಲಿಲ್ಲ.

ಮೇಸ್ತ್ರಿ ದಿನಾ ಬೆಳಿಗ್ಗೆ ತಾಯಿಪೆಟ್ಟಿಗೆಯ ಮುಂದೆ ಕೂತು ಕಾಯುತ್ತಿದ್ದರು. ಅವಳು ಕುರ್ಚಿಯಲ್ಲಿ ಕೂತ ಕೂಡಲೇ ಮೊದಲ ಬಿಳಿ ಮನೆ ಒತ್ತುತ್ತಿದ್ದರು. “ಹೇಗಿದೆ?”

“ಸರಿಯಾಗಿದೆ ಅನ್ಸುತ್ತೆ, ಅಪ್ಪ.” ಅಂದರೆ ಕಿವಿ ಇನ್ನೂ ಬಂದಿಲ್ಲ. ಬಂದ ದಿನ ಪೆಟ್ಟಿಗೆಯ ಸ್ವರ ಏರಿದ ಹಾಗೆ ಕೇಳಿಸಬೇಕು. ಅದು ಏರಿಯೇ ಇದೆ.

“ಇರಲಿ, ಇರಲಿ. ನಾಳೆ ನೋಡೋಣ.”

ಎರಡನೆಯ ವಾರ ಅವಳು, “ಅಲ್ಲಾಡ್ತಿದೆ, ಗೊತ್ತಾಗ್ತಿಲ್ಲ,” ಎಂದಳು. ಅಂದು ಮೇಸ್ತ್ರಿ ತಾವೇ ಚಹಾ ಮಾಡಿ ತಂದುಕೊಟ್ಟರು. ಮರುದಿನ ಬಿಸಿನೀರಿನ ಚೀಲವನ್ನೂ ತಂದು ಅವಳ ಬೆನ್ನಿಗಿಟ್ಟರು. ಅಮ್ಮ ಹೋದ ಮೇಲೆ ಆ ಮನೆಯಲ್ಲಿ ಯಾರೂ ಯಾರಿಗೂ ಅಷ್ಟು ಮಾಡಿದ್ದಿಲ್ಲ. ಚೀಲವಿಟ್ಟು ಬಗ್ಗಿ, “ಕಿವಿ ಹೇಗಿದೆ?” ಎಂದು ಮೆಲ್ಲಗೆ ಕೇಳಿದರು.

ಅವಳು ಮೈ ಹೇಗಿದೆ ಎನ್ನುವ ಪ್ರಶ್ನೆಗೆ ಉತ್ತರ ಸಿದ್ಧಮಾಡಿಕೊಂಡಿದ್ದಳು. ಅದನ್ನು ನುಂಗಿಕೊಂಡು, “ಹಾಗೇ ಇದೆ,” ಎಂದಳು.

ಇಪ್ಪತ್ತೊಂದನೆಯ ದಿನದ ಹೊತ್ತಿಗೆ ಮಾತ್ರೆ ನಿಂತು ಮೂರು ದಿನವಾಗಿತ್ತು. ಅಂದು ಹಾಸಿಗೆಯಲ್ಲಿ ಕಣ್ಣು ಬಿಡುವ ಮುಂಚೆಯೇ ಅವಳಿಗೆ ಗೊತ್ತಾಯಿತು. ರಸ್ತೆಯಲ್ಲಿ ಹೋದ ಬಸ್ಸಿನ ಹಾರನ್ ತನ್ನ ಹಳೆಯ ಸ್ವರದ ಮನೆಯಲ್ಲಿ ಕೂತಿತ್ತು. ಬಚ್ಚಲ ನಲ್ಲಿಯ ತೊಟ್ಟು ತನ್ನ ಮನೆಯಲ್ಲಿ. ಬಾಗಿಲ ಬಿಜಾಗರಿ ತನ್ನ ಮನೆಯಲ್ಲಿ. ಯಾರೋ ಲೋಕವನ್ನೆಲ್ಲ ಎತ್ತಿ ಅದರದರ ಜಾಗದಲ್ಲಿ ಇಟ್ಟುಹೋಗಿದ್ದರು. ಏಳಲು ಹೋದಳು. ಆಗಲಿಲ್ಲ. ಮಗ್ಗುಲಾಗಿ, ಮೊಣಕೈ ಊರಿ, ಗೋಡೆ ಹಿಡಿದು ಎದ್ದಾಗ ಬಾಯಿಂದ ಬಂದ ಸದ್ದು ಯಾವ ಮನೆಯದು ಎಂದೂ ಅವಳಿಗೆ ಗೊತ್ತಾಯಿತು. ಹದಿನಾಲ್ಕು ಮೆಟ್ಟಿಲಿಗೆ ಕಾಲು ಗಂಟೆ ಹಿಡಿಯಿತು.

ಮೇಸ್ತ್ರಿ ಕ್ಷೌರ ಮಾಡಿಕೊಂಡು, ಒಗೆದ ಅಂಗಿ ಹಾಕಿಕೊಂಡು ಕೂತಿದ್ದರು. “ಮಧ್ಯಾಹ್ನಕ್ಕೆ ಟೀಚರು ಬರ್ತಾರೆ. ಹನ್ನೆರಡೂ ಪೆಟ್ಟಿಗೆ ತರ್ತಾರೆ. ಬಾ, ಕೂತ್ಕೋ.” ಅರವನ್ನು ಒರೆಸಿ ಅವಳ ಕೈಗೆ ಸಿಗುವ ಹಾಗೆ ಇಟ್ಟಿದ್ದರು. ಬಿಸಿನೀರಿನ ಚೀಲವೂ ಸಿದ್ಧವಾಗಿತ್ತು. ತಿದಿಮಾವ ಮೂಲೆಯಲ್ಲಿ ತೊಗಲು ಕತ್ತರಿಸುತ್ತ ಇವರ ಕಡೆ ನೋಡದಿರಲು ಹೆಣಗುತ್ತಿದ್ದರು.

ಮೇಸ್ತ್ರಿ ತಿದಿ ಒತ್ತಿ ಮೊದಲ ಬಿಳಿ ಮನೆ ಹಿಡಿದರು.

ಏರಿತ್ತು. ಅರ್ಧ ಮನೆ, ಎಳ್ಳಷ್ಟು ಕಡಿಮೆ. ಎಷ್ಟು ಸ್ಪಷ್ಟವಾಗಿ ಏರಿತ್ತೆಂದರೆ, ಒಂದೂವರೆ ತಿಂಗಳ ಹಿಂದೆ ತಾನು ಅದನ್ನು ಅಲ್ಲಿಗೆ ಏರಿಸಿದ್ದು ಯಾರೋ ಬೇರೆಯವರ ಕೆಲಸದಂತೆ ಅವಳಿಗೆ ನಾಚಿಕೆಯಾಯಿತು. ಅದರ ಕೆಳಗೆ, ತಲೆಯೊಳಗೆ, ನಿಜವಾದದ್ದು ನಿಂತಿತ್ತು. ಅಪ್ಪನದು. ಒಂದು ಕೂದಲೆಳೆ ತಂಪು. ಒಂದಿಷ್ಟೂ ಸವೆಯದೆ ನಿಂತಿತ್ತು.

“ಹೇಗಿದೆ?”

ಏರಿದೆ ಎಂದರೆ ಸಾಕು, ಅಪ್ಪನ ಮುಖ ಹೇಗಾಗುತ್ತದೆ ಎಂದು ಅವಳಿಗೆ ಗೊತ್ತು. ಅರ ಕೈಗೆ ಬರುತ್ತದೆ. ಮೂವತ್ತೇಳು, ಆಮೇಲೆ ಹನ್ನೆರಡು ಸಲ ಮೂವತ್ತೇಳು, ಆಮೇಲೆ ಮುಂದಿನ ವರ್ಷ, ಅದರ ಮುಂದಿನ ವರ್ಷ. ಅಪ್ಪ ಬಿಸಿನೀರು ತಂದುಕೊಡುತ್ತಾರೆ. ಒಂದು ದಿನವೂ ಗದರುವುದಿಲ್ಲ. ಬೆನ್ನಿಗೆ ದಿಂಬು ಕೊಡುತ್ತಾರೆ. ಮತ್ತೆ ಮಾತ್ರೆಯ ಮಾತೆತ್ತಿದರೆ, ಎಂಥದೋ ಕೆಟ್ಟ ಚಟದ ಹೆಸರು ಕೇಳಿದವರಂತೆ ನೋಡುತ್ತಾರೆ. ಗದರಿದ್ದರೆ ಎದುರಾಡಬಹುದಿತ್ತು. ಈ ಅಕ್ಕರೆಗೆ ಎದುರಾಡುವುದು ಹೇಗೆ?

“ಸರಿಯಾಗೇ ಇದೆ, ಅಪ್ಪ.”

ಅವರು ಇನ್ನೊಮ್ಮೆ ಒತ್ತಿದರು. ಉದ್ದಕ್ಕೆ, ತಿದಿಯ ಗಾಳಿ ಮುಗಿಯುವವರೆಗೆ. “ಸರಿಯಾಗಿ ಕೇಳು.”

“ಕೇಳಿದೆ. ಸರಿಯಿದೆ. ನನ್ನ ಕಿವಿ ಬರಲಿಲ್ಲ.”

ಶ್ರುತಿಯ ವಿಷಯದಲ್ಲಿ ಅವಳು ಸುಳ್ಳು ಹೇಳಿದ್ದು ಹುಟ್ಟಿದಾಗಿನಿಂದ ಅದೇ ಮೊದಲು. ಅವಳ ಸುಳ್ಳಿನ ಮುಖ ಹೇಗಿರುತ್ತದೆ ಎಂದು ಮೇಸ್ತ್ರಿಗೆ ಗೊತ್ತಿರಲಿಲ್ಲ. ಅವರು ಆ ಮುಖವನ್ನು ಒಂದು ಗಳಿಗೆ ನೋಡಿದರು, ನಂಬಿದರು. ಆರು ವರ್ಷ ಅವಳು ಅತ್ತು ಹೇಳಿದ ನಿಜವನ್ನು ಒಂದು ದಿನವೂ ನಂಬದಿದ್ದವರು ಈ ಸುಳ್ಳನ್ನು ಉಸಿರು ಬಿಡುವಷ್ಟರಲ್ಲಿ ನಂಬಿಬಿಟ್ಟರು.

“ಮೂರು ವಾರ ಆಯ್ತಲ್ಲ,” ಎಂದರು. ಆಮೇಲೆ ಸುಮ್ಮನೆ ತಿದಿಯ ಕೊಕ್ಕೆ ಹಾಕಿದರು. ಹಾಕಿದ ಕೊಕ್ಕೆಯನ್ನೇ ಇನ್ನೊಮ್ಮೆ ಹಾಕಿದರು. “ಇರಲಿ. ಟೀಚರ ಮೊಬೈಲ್ ಇಡಿಸ್ಕೋ. ಮೊದಲು ಇದನ್ನೇ ಮಾಡು.”

ತಿದಿಮಾವ ತಲೆ ಎತ್ತಿದರು. ಅವರು ನೋಡಿದ್ದು ಮೇಸ್ತ್ರಿಯನ್ನಲ್ಲ, ಅವಳನ್ನು. ಮತ್ತೆ ತೊಗಲಿನ ಕಡೆ ತಿರುಗಿಕೊಂಡರು.

ಮಧ್ಯಾಹ್ನ ಟೀಚರು ಬಂದರು. ಹನ್ನೆರಡು ಪೆಟ್ಟಿಗೆಗಳು ಗೋಡೆಯುದ್ದಕ್ಕೂ ಕೂತವು. ಮೊಬೈಲನ್ನು ಒಂದು ಡಬ್ಬಿಗೆ ಒರಗಿಸಿ ನಿಲ್ಲಿಸಿದರು. ಮೇಸ್ತ್ರಿ ಅಂಗಡಿಯ ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ರಸ್ತೆಗೆ ಮುಖ ಮಾಡಿ ಕೂತರು. ಅವಳು ಡಬ್ಬಿಯ ಪಕ್ಕದಲ್ಲಿದ್ದ ಲೋಟದ ನೀರಿನಲ್ಲಿ ಅರ್ಧ ಮಾತ್ರೆ ನುಂಗಿದಳು. ಮಾತ್ರೆಯನ್ನು ಮತ್ತೆ ಮೊದಲಿನಿಂದ ಏರಿಸಬೇಕು. ನೋವು ಬಾಗಿಲು ಹಾಕಿಕೊಳ್ಳಲು ಇನ್ನೂ ಮೂರು ವಾರ. ಅಲ್ಲಿಯವರೆಗೆ ಅದೂ ಇರುತ್ತದೆ, ಕಿವಿಯೂ ಇರುತ್ತದೆ.

ತಾಯಿಪೆಟ್ಟಿಗೆಯ ಮೊದಲ ನಾಲಿಗೆಯ ಬುಡಕ್ಕೆ ಅರ ಇಟ್ಟಳು. ಮೊದಲೇ ತುದಿ ಸವೆದಿದ್ದ ಹಿತ್ತಾಳೆ ಕಾಗದದಂತೆ ಬಾಗಿತು. ಒಂದು ಎಳೆತ, ಒತ್ತಿ ನೋಡುವುದು; ಇನ್ನೊಂದು ಎಳೆತ, ಒತ್ತಿ ನೋಡುವುದು. ಭುಜದಿಂದ ಮಣಿಕಟ್ಟಿನವರೆಗೆ ಬೆಂಕಿ ಇಳಿಯುತ್ತಿತ್ತು. ಸ್ವರವೂ ಇಳಿಯುತ್ತಿತ್ತು. ಸೂಜಿ ಬಲದಿಂದ ಮೆಲ್ಲಗೆ ಎದ್ದು ಬಂದು ನಡುಗೆರೆಯ ಮೇಲೆ ನಿಂತಿತು. ಪರದೆ ಹಸಿರಾಯಿತು.

“ಬಂತು ನೋಡಿ!” ಎಂದರು ಟೀಚರು.

ಬಂದಿರಲಿಲ್ಲ. ಅಪ್ಪನ ಶ್ರುತಿಗೆ ಇನ್ನೊಂದು ಎಳೆತ ಬಾಕಿಯಿತ್ತು, ಕೂದಲಿನಷ್ಟು ಹಗುರಾದ ಒಂದೇ ಎಳೆತ. ಅವಳ ಕೈ ತಾನಾಗಿಯೇ ಅತ್ತ ಹೋಯಿತು. ಬಾಗಿಲಲ್ಲಿ ಅಪ್ಪನ ಬೆನ್ನು ಅಲುಗಲಿಲ್ಲ.

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಎರಡನೆಯ ನಾಲಿಗೆಗೆ ಅರ ಇಟ್ಟಳು.